ಬಲಿಪೂಜೆ ಕಾಯ್ದ ದ್ರಾಕ್ಷಿ ತೋಟ

ದ್ರಾಕ್ಷಿ ಬಳ್ಳಿ ನೆಟ್ಟವರು ಒಳ್ಳೆಯ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ವೈನ್ ಹದಗೊಳ್ಳಲು ಇನ್ನಷ್ಟು ಕಾಲ. ಬಂಡವಾಳವೆಲ್ಲ ನೆಲದಲ್ಲೂ ಪೀಪಾಯಿಯಲ್ಲೂ ಸಿಕ್ಕಿರುವಾಗ ಮಾರುಕಟ್ಟೆಯೇ ಮುಚ್ಚಿದರೆ ಗತಿಯೇನು? 1920ರಲ್ಲಿ ಅಮೆರಿಕದಾದ್ಯಂತ ಪಾನನಿರೋಧ ಜಾರಿಯಾದಾಗ ಆದದ್ದು ಅದೇ. ಕ್ಯಾಲಿಫೋರ್ನಿಯಾದ ನೂರಾರು ವೈನ್ ತಯಾರಕರು ಬಾಗಿಲು ಹಾಕಿದರು.

ನಾಪಾ ಕಣಿವೆಯಲ್ಲಿ 1900ರಲ್ಲಿ ಬ್ಯೂಲಿಯು ತೋಟ ಸ್ಥಾಪಿಸಿದ್ದ, ಫ್ರಾನ್ಸ್ ಮೂಲದ ಜಾರ್ಜ್ ದ ಲಾಟೂರ್ ಅವರ ಕುಟುಂಬ ಉಳಿದುಕೊಂಡಿತು. ಧಾರ್ಮಿಕ ವಿಧಿಯ ವೈನ್‌ಗೆ ಕಾನೂನಿನಲ್ಲಿ ವಿನಾಯಿತಿಯಿತ್ತು. ಕ್ಯಾಥೊಲಿಕ್ ಚರ್ಚುಗಳ ಬಲಿಪೂಜೆಗೆ ದ್ರಾಕ್ಷಾರಸ ಒದಗಿಸುತ್ತ ಅದು 1929ರ ಕುಸಿತವನ್ನೂ ದಾಟಿತು. 1933ರಲ್ಲಿ ನಿಷೇಧ ತೆರವಾದಾಗ ಅನೇಕರು ಮೊದಲಿನಿಂದ ಆರಂಭಿಸಬೇಕಾಯಿತು. ಇಲ್ಲಿ ಬಳ್ಳಿ, ಪೀಪಾಯಿ, ಪಳಗಿದ ಕೈಗಳು ಸಿದ್ಧವಿದ್ದವು.

ಆದರೂ ಕಷ್ಟಕಾಲ ಗೆದ್ದ ಆ ತೋಟ ಮನೆತನದಲ್ಲೇ ಉಳಿಯಲಿಲ್ಲ. 1969ರಲ್ಲಿ ಅದು ದೊಡ್ಡ ಕಂಪನಿಯೊಂದರ ಪಾಲಾಯಿತು.