ಮೂರನೆಯ ‘ಏಲಿಯನ್’ ಮತ್ತು ಪ್ರೇಕ್ಷಕನ ಮುನಿಸು

ಗೆದ್ದ ಚಿತ್ರದ ಕಥೆಯನ್ನು ಮುಂದುವರಿಸುವುದು ಕತ್ತಿಯ ಅಲುಗಿನ ಮೇಲಿನ ನಡಿಗೆ. ಹಳೆಯದನ್ನೇ ಬಡಿಸಿದರೆ ‘ಹೊಸತೇನಿದೆ?’ ಎನ್ನುತ್ತಾನೆ ಪ್ರೇಕ್ಷಕ. ಹೊಸತನ್ನು ಬಡಿಸಿದರೆ ‘ನಾನು ಮೆಚ್ಚಿದ್ದೆಲ್ಲಿ?’ ಎಂದು ಮುನಿಯುತ್ತಾನೆ. 1992ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಏಲಿಯನ್ 3’ ಎಂಬ ವೈಜ್ಞಾನಿಕ ಕಥಾಚಿತ್ರದ ಪಾಲಿಗೆ ಬಂದುದು ಈ ಎರಡನೆಯ ಬಗೆಯ ಮುನಿಸು.

ಹಿಂದಿನ ಎರಡು ಚಿತ್ರಗಳು ರಸಿಕರ ಮನಸ್ಸನ್ನು ಸೂರೆಗೊಂಡಿದ್ದವು. 1979ರಲ್ಲಿ ರಿಡ್ಲಿ ಸ್ಕಾಟ್ ನಿರ್ದೇಶಿಸಿದ ಮೊದಲನೆಯದರಲ್ಲಿ, ಮನುಷ್ಯದೇಹದೊಳಗೆ ಬೆಳೆದು ಎದೆ ಸೀಳಿಕೊಂಡು ಹೊರಬರುವ ಘೋರಜೀವಿಯೊಂದು ಆಕಾಶನೌಕೆಯ ಸಿಬ್ಬಂದಿಯನ್ನು ಬಲಿ ತೆಗೆದುಕೊಳ್ಳುತ್ತದೆ. ಅವರಲ್ಲಿ ಬದುಕುಳಿಯುವವಳು ರಿಪ್ಲಿ ಒಬ್ಬಳೇ. 1986ರಲ್ಲಿ ಜೇಮ್ಸ್ ಕ್ಯಾಮರೂನ್ ನಿರ್ದೇಶಿಸಿದ ಎರಡನೆಯದರಲ್ಲಿ, ಆಕೆ ನ್ಯೂಟ್ ಎಂಬ ಅನಾಥ ಬಾಲಿಕೆಯನ್ನು ಮೃತ್ಯುವಿನ ಬಾಯಿಂದ ಸೆಳೆದು ತರುತ್ತಾಳೆ. ಹಿಕ್ಸ್ ಎಂಬ ಸೈನಿಕನೂ ಉಳಿಯುತ್ತಾನೆ. ಆ ಮೂವರಿಗೆ ಒಂದು ಸಂಸಾರ ಕೂಡಿಬಂತೆಂಬ ನೆಮ್ಮದಿಯಿಂದ ಜನ ಮನೆಗೆ ಮರಳಿದ್ದರು.

ಮೂರನೆಯ ಚಿತ್ರ ಆ ನೆಮ್ಮದಿಯನ್ನು ಮೊದಲ ನಿಮಿಷಗಳಲ್ಲೇ ನುಚ್ಚುನೂರು ಮಾಡಿತು. ಅವರಿದ್ದ ವಾಹನ ಕೈದಿಗಳ ಗ್ರಹವೊಂದಕ್ಕೆ ಬಂದು ಅಪ್ಪಳಿಸುತ್ತದೆ. ಬಾಲಿಕೆಯೂ ಸೈನಿಕನೂ ನಿದ್ರೆಯಲ್ಲೇ ಸಾಯುತ್ತಾರೆ. ಅಷ್ಟು ಕಷ್ಟಪಟ್ಟು ಉಳಿಸಿದ ಜೀವವನ್ನು ಇಷ್ಟು ಸುಲಭವಾಗಿ ಕಳೆಯಬಹುದೆ? ಪ್ರೇಕ್ಷಕರ ಈ ಅಳಲು ಅನ್ಯಾಯದ್ದೇನೂ ಅಲ್ಲ.

ತೆರೆಯ ಹಿಂದಿನ ಕಥೆ ಇನ್ನೂ ಕರುಣಾಜನಕ. ಕಥೆಗಾರರ ಮೇಲೆ ಕಥೆಗಾರರು ಬದಲಾದರು. ವಿನ್ಸೆಂಟ್ ವಾರ್ಡ್ ಕಲ್ಪಿಸಿದ್ದ, ಸಂನ್ಯಾಸಿಗಳು ವಾಸಿಸುವ ಮರದ ಗ್ರಹವು ಕೊನೆಗೆ ಸೆರೆಮನೆಯಾಗಿ ಮಾರ್ಪಟ್ಟಿತು. ಪೂರ್ಣಗೊಳ್ಳದ ಚಿತ್ರಕಥೆಯೊಡನೆ 1991ರಲ್ಲಿ ಇಂಗ್ಲೆಂಡಿನಲ್ಲಿ ಚಿತ್ರೀಕರಣ ಆರಂಭವಾದಾಗ, ನಿರ್ದೇಶಕ ಡೇವಿಡ್ ಫಿಂಚರ್‌ಗೆ ಮೂವತ್ತೂ ತುಂಬಿರಲಿಲ್ಲ. ಅದು ಆತನ ಮೊದಲ ಕಥಾಚಿತ್ರ. ನಿರ್ಮಾಪಕರೊಡನೆ ಹೆಜ್ಜೆಹೆಜ್ಜೆಗೂ ಸೆಣಸಿದ ಆತ, ಕಡೆಗೆ ಚಿತ್ರ ತನ್ನದೆಂದು ಹೇಳಿಕೊಳ್ಳಲೂ ಮನಸ್ಸು ಮಾಡಲಿಲ್ಲ.

ಆದರೆ ಕಾಲ ಮತ್ತೊಮ್ಮೆ ವಿಚಾರಣೆ ನಡೆಸಿತು. 1995ರ ‘ಸೆವೆನ್’ ಚಿತ್ರದಿಂದ ಫಿಂಚರ್ ಕೀರ್ತಿ ಪಡೆದ ಮೇಲೆ, ಆತನ ಮೊದಲ ಕೃತಿಯತ್ತಲೂ ಜನ ತಿರುಗಿ ನೋಡಿದರು. 2003ರಲ್ಲಿ ಸುಮಾರು ಅರ್ಧ ಗಂಟೆಯಷ್ಟು ಹೆಚ್ಚು ದೀರ್ಘವಾದ ಮತ್ತೊಂದು ಪ್ರತಿ ಹೊರಬಂದಿತು. ಅದರ ಸಿದ್ಧತೆಯಲ್ಲಿ ಫಿಂಚರ್ ಭಾಗವಹಿಸಲಿಲ್ಲ. ಸೆರೆಸಿಕ್ಕ ಘೋರಜೀವಿಯನ್ನು ಮತಿಗೆಟ್ಟ ಕೈದಿಯೊಬ್ಬನು ಭಕ್ತಿಯಿಂದಲೇ ಬಿಡುಗಡೆ ಮಾಡುವ ಪ್ರಸಂಗ ಇದರಲ್ಲಿ ಮರಳಿ ಬಂತು. ಕೈದಿಗಳಿಗೆ ಮುಖವೂ ಮಾತೂ ದೊರೆತವು.

ಆಗ ಅನೇಕರಿಗೆ ತೋರಿದ ಸತ್ಯವೊಂದಿದೆ: ಮುನಿಸಿಗೆ ಕಾರಣವಾದ ಆ ಸಾವೇ ಚಿತ್ರದ ಜೀವಾಳ. ಬಾಲಿಕೆಯ ಶವವನ್ನು ಕುಲುಮೆಗೆ ಒಪ್ಪಿಸುವ ಹೊತ್ತಿನಲ್ಲೇ ಬೇರೊಂದೆಡೆ ಘೋರಜೀವಿ ಹುಟ್ಟುತ್ತದೆ. ತನ್ನ ಒಡಲಲ್ಲೂ ಅದೇ ಪಿಂಡವಿದೆಯೆಂದು ಅರಿತ ರಿಪ್ಲಿ, ಅದನ್ನು ಅಸ್ತ್ರವಾಗಿಸಲು ಹೊಂಚುವ ವ್ಯಾಪಾರಿಗಳ ಕೈಗೆ ಸಿಕ್ಕದೆ ತಾನೇ ಅಗ್ನಿಗೆ ಆಹುತಿಯಾಗುತ್ತಾಳೆ. ನಟಿ ಸಿಗೋರ್ನಿ ವೀವರ್ ಈ ದುಃಖವನ್ನು ಅಬ್ಬರವಿಲ್ಲದೆ ಅಭಿನಯಿಸಿದ್ದಾರೆ.

ಹಾಗೆಂದು ಚಿತ್ರದ ದೋಷಗಳೆಲ್ಲ ತೊಳೆದುಹೋಗಲಿಲ್ಲ. ತಲೆ ಬೋಳಿಸಿದ ಕೈದಿಗಳಲ್ಲಿ ಯಾರು ಯಾರೆಂದು ತಿಳಿಯುವುದು ಇಂದಿಗೂ ಕಷ್ಟ. ಕೊನೆಯ ಬೆನ್ನಟ್ಟುವಿಕೆಯ ಗೊಂದಲವೂ ಹಾಗೆಯೇ ಇದೆ. ಆದರೆ ಎರಡನೆಯ ಚಿತ್ರ ಇತ್ತ ಸಾಂತ್ವನವನ್ನು ಮೂರನೆಯದರಲ್ಲಿ ಹುಡುಕಿದವರಿಗೆ ದೊರೆತುದು ನಿರಾಶೆ; ಅದನ್ನು ಶೋಕದ ಕಥೆಯಾಗಿಯೇ ನೋಡಬಲ್ಲವರಿಗೆ ದೊರೆತುದು, ಊನಗಳ ನಡುವೆಯೂ, ಒಂದು ದುರಂತದ ಘನತೆ.