ರಕ್ತದ ಕೊಲೆಸ್ಟರಾಲು: ಅಳೆದ ಅಂಕ, ಲೆಕ್ಕ ಹಾಕಿದ ಅಂಕ

ಬಿಟಿಎಂ ಲೇಔಟಿನ ಯಾವುದಾದರೊಂದು ರಕ್ತಪರೀಕ್ಷಾಲಯದ ವರದಿಯನ್ನು ತೆಗೆದು ನೋಡಿದರೆ ಕೊಲೆಸ್ಟರಾಲಿಗೆ ಸಂಬಂಧಿಸಿದ ನಾಲ್ಕಾರು ಅಂಕಗಳು ಒಂದರ ಕೆಳಗೊಂದು ಕಾಣುತ್ತವೆ. ಅವೆಲ್ಲವೂ ಅಳೆದು ಪಡೆದುವೆಂದು ಭಾವಿಸುವುದು ಸಹಜ. ಆದರೆ ವೈದ್ಯರು ಮುಖ್ಯವಾಗಿ ಗಮನಿಸುವ ಎಲ್‌ಡಿಎಲ್ ಅಂಕವು ಅನೇಕ ವೇಳೆ ಅಳೆದುದಲ್ಲ, ಲೆಕ್ಕ ಹಾಕಿದುದು.

ಕೊಲೆಸ್ಟರಾಲು ನೀರಿನಲ್ಲಿ ಕರಗದು. ಆದುದರಿಂದ ಅದು ರಕ್ತದಲ್ಲಿ ಪ್ರೋಟೀನಿನೊಡಗೂಡಿದ ಸೂಕ್ಷ್ಮ ಕಣಗಳಲ್ಲಿ, ಎಂದರೆ ಲೈಪೊಪ್ರೋಟೀನುಗಳಲ್ಲಿ, ಸಂಚರಿಸುತ್ತದೆ. ಒಟ್ಟು ಕೊಲೆಸ್ಟರಾಲನ್ನು ಅಳೆಯುವುದು ಈಗ ಕಷ್ಟವಲ್ಲ. ಹಿಂದೆ ಅಸಿಟಿಕ್ ಅನ್‌ಹೈಡ್ರೈಡನ್ನೂ ಪ್ರಬಲ ಗಂಧಕಾಮ್ಲವನ್ನೂ ಬೆರಸಿ, ಹುಟ್ಟುವ ಹಸಿರು ಬಣ್ಣದ ಗಾಢತೆಯನ್ನು ನೋಡುತ್ತಿದ್ದರು. ಕೈಗೂ ಬಟ್ಟೆಗೂ ಅಪಾಯಕರವಾದ ಕೆಲಸವದು. 1974ರಲ್ಲಿ ಪ್ರಕಟವಾದ ಕಿಣ್ವವಿಧಾನದಲ್ಲಿ ಒಂದು ಕಿಣ್ವವು ಎಸ್ಟರುಗಳಿಂದ ಕೊಲೆಸ್ಟರಾಲನ್ನು ಬಿಡಿಸುತ್ತದೆ. ಇನ್ನೊಂದು ಅದನ್ನು ಉತ್ಕರ್ಷಿಸಿ ಹೈಡ್ರೊಜನ್ ಪೆರಾಕ್ಸೈಡನ್ನು ಉಂಟುಮಾಡುತ್ತದೆ. ಮೂರನೆಯದು ಆ ಪೆರಾಕ್ಸೈಡಿನ ನೆರವಿನಿಂದ ಬಣ್ಣ ಬರಿಸುತ್ತದೆ. ಅಂಗಾಂಶವಾದರೆ ಅದನ್ನು ಅರೆದು, ಕ್ಲೋರೊಫಾರಂ ಮತ್ತು ಮೆಥನಾಲುಗಳ 2:1 ಮಿಶ್ರಣದಿಂದ ಮೇದಸ್ಸನ್ನು ಮೊದಲು ಹೊರತೆಗೆಯಬೇಕು.

ಕಣಗಳನ್ನು ಬೇರ್ಪಡಿಸುವುದೇ ತೊಡಕಿನ ಕೆಲಸ. ಸಾಂದ್ರತೆಯ ಭೇದವನ್ನವಲಂಬಿಸಿ ಅತಿವೇಗದ ಯಂತ್ರದಲ್ಲಿ ಗಂಟೆಗಟ್ಟಲೆ ತಿರುಗಿಸಬೇಕು. ಇದನ್ನು ತಪ್ಪಿಸಲು 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಒಂದು ಸೂತ್ರವನ್ನು ಕೊಟ್ಟರು: ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕೊಲೆಸ್ಟರಾಲನ್ನೂ, ಟ್ರೈಗ್ಲಿಸರೈಡಿನ ಐದನೆಯ ಒಂದು ಪಾಲನ್ನೂ ಕಳೆದರೆ ಉಳಿಯುವುದೇ ಎಲ್‌ಡಿಎಲ್. ಆ ಐದನೆಯ ಪಾಲು ವಿಎಲ್‌ಡಿಎಲ್ ಕಣಗಳ ಕೊಲೆಸ್ಟರಾಲೆಂದು ಊಹೆ.

ಇಬ್ಬರ ರಕ್ತದಲ್ಲಿ ಡೆಸಿಲೀಟರಿಗೆ ಒಟ್ಟು 200, ಎಚ್‌ಡಿಎಲ್ 35 ಮಿಲಿಗ್ರಾಂ ಇದೆಯೆನ್ನೋಣ. ಟ್ರೈಗ್ಲಿಸರೈಡು 150 ಇದ್ದವನ ಎಲ್‌ಡಿಎಲ್ 135. 350 ಇದ್ದವನದು 95. ಎರಡನೆಯವನು ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ! ಆದರೆ ಟ್ರೈಗ್ಲಿಸರೈಡು ಏರಿದಂತೆ ಐದರ ಪ್ರಮಾಣ ನಿಲ್ಲದು. ಕಳೆಯುವ ಪಾಲು ಹೆಚ್ಚಾಗಿ, ಎಲ್‌ಡಿಎಲ್ ನಿಜಕ್ಕಿಂತ ಕಡಿಮೆಯೆಂದು ತೋರುತ್ತದೆ. 400ನ್ನು ಮೀರಿದರೆ ಸೂತ್ರವನ್ನು ಬಳಸಲೇಬಾರದು. ದೋಸೆ, ಕಾಫಿ ಮುಗಿಸಿ ರಕ್ತ ಕೊಟ್ಟವರ ಲೆಕ್ಕವೂ ಹೀಗೆಯೇ ತಪ್ಪಬಹುದು.

ಟ್ರೈಗ್ಲಿಸರೈಡು ಹೆಚ್ಚು, ಎಚ್‌ಡಿಎಲ್ ಕಡಿಮೆ ಇರುವುದು ಭಾರತೀಯರಲ್ಲಿ ಸಾಮಾನ್ಯ. ಬಿಟಿಎಂ ಲೇಔಟಿಗೆ ಸಮೀಪದ, ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯು ಕಿರಿಯ ವಯಸ್ಸಿನ ಹೃದ್ರೋಗಿಗಳ ದಾಖಲೆಯನ್ನು 2017ರಲ್ಲಿ ಆರಂಭಿಸಿತು. ಅಂಥವರ ವರದಿಯಲ್ಲಿ ಈ ತಪ್ಪು ಅಲ್ಪವೆನ್ನಲಾಗದು. 2013ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು, ಐದಕ್ಕೆ ಬದಲಾಗಿ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಭಾಜಕವನ್ನು ಸೂಚಿಸಿದರು. ಅದಕ್ಕಿಂತ ಸರಳವಾದುದೂ ಒಂದುಂಟು: ಒಟ್ಟಿನಿಂದ ಎಚ್‌ಡಿಎಲನ್ನಷ್ಟೇ ಕಳೆಯುವುದು. ಮೇಲಿನ ಇಬ್ಬರಿಗೂ ಆ ಅಂಕ 165.