ನೋವು ಬರುವ ಮುನ್ನ: ಪುರುಷರೂ ತಪಾಸಣೆಗೆ ಬರಬೇಕು

ಮಠಗಳಲ್ಲಿ, ಜಾತ್ರೆಗಳಲ್ಲಿ ಏರ್ಪಡುವ ಉಚಿತ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ನಾವು ವರ್ಷವರ್ಷವೂ ಕಾಣುವ ನೋಟವೊಂದಿದೆ. ತಾಯಂದಿರು ಬೆಳಗಿನಿಂದಲೇ ಸಾಲಿನಲ್ಲಿ ನಿಂತಿರುತ್ತಾರೆ. ಅವರನ್ನು ಕರೆತಂದ ಗಂಡಂದಿರು, ಮಾವಂದಿರು, ಅಣ್ಣತಮ್ಮಂದಿರು ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತಾರೆ. "ಯಜಮಾನರೇ, ನೀವೂ ಒಮ್ಮೆ ಬಿ.ಪಿ. ನೋಡಿಸಿಕೊಳ್ಳಿ" ಎಂದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: "ನನಗೇನಾಗೇತ್ರಿ, ಗಟ್ಟಿ ಅದೀನಿ. ಮೊದಲ ನಮ್ಮ ಮನ್ಯಾಗಿನವರನ್ನ ನೋಡ್ರಿ."

ಈ ಉತ್ತರದಲ್ಲಿ ಪ್ರೀತಿಯೂ ಇದೆ, ಅಪಾಯವೂ ಇದೆ. ಪುರುಷರು ತಮ್ಮ ಆರೋಗ್ಯವನ್ನು ಅಳೆದುಕೊಳ್ಳುವ ಅಳತೆಗೋಲು ಎರಡೇ: ನೋವು ಇದೆಯೇ, ದುಡಿಯಲು ಆಗುತ್ತಿದೆಯೇ? ನೋವಿಲ್ಲ, ಹೊಲಕ್ಕೋ ಕಚೇರಿಗೋ ಹೋಗಿಬರುತ್ತಿದ್ದೇನೆ, ಆದ್ದರಿಂದ ಕಾಯಿಲೆಯಿಲ್ಲ ಎಂಬುದು ಅವರ ಲೆಕ್ಕ. ಆದರೆ ಮಧ್ಯವಯಸ್ಸಿನ ಪುರುಷರನ್ನು ಕಾಡುವ ಮುಖ್ಯ ಕಾಯಿಲೆಗಳು ತಮ್ಮ ಮೊದಲ ವರ್ಷಗಳಲ್ಲಿ ನೋಯುವುದೇ ಇಲ್ಲ. ಸುಲಭವಾಗಿ ತಡೆಯಬಹುದಾದ ಕಾಲವೂ ಅದೇ. ನೋವು ಕಾಣಿಸಿಕೊಳ್ಳುವ ಹೊತ್ತಿಗೆ ಆ ಕಾಲ ಬಹುಪಾಲು ಕಳೆದಿರುತ್ತದೆ.

ಕಟ್ಟೆಯ ಮೇಲಿನ ಆ ಎಲೆ ಅಡಿಕೆಯಿಂದಲೇ ಆರಂಭಿಸೋಣ. ಭಾರತದ ಪುರುಷರಲ್ಲಿ ಅತ್ಯಂತ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಬಾಯಿಯ ಕ್ಯಾನ್ಸರ್. ತಂಬಾಕು ಇದಕ್ಕೆ ಕಾರಣವೆಂದರೆ ಎಲ್ಲರೂ ತಲೆದೂಗುತ್ತಾರೆ. ಅಡಿಕೆಯೂ ಕಾರಣವೆಂದರೆ ಹುಬ್ಬುಗಳು ಗಂಟಿಕ್ಕುತ್ತವೆ. ಇದು ಸಹಜವೇ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ತಾಂಬೂಲವಿಲ್ಲದ ಶುಭಕಾರ್ಯ ನಮ್ಮಲ್ಲಿಲ್ಲ. ಅಡಿಕೆ ತೋಟದ ಆದಾಯದಿಂದಲೇ ಮಕ್ಕಳನ್ನು ಓದಿಸಿದ ಭಕ್ತರು ಈ ಪತ್ರಿಕೆಯ ಓದುಗರಲ್ಲಿಯೂ ಇರುತ್ತಾರೆ. ಆದರೂ ಹೇಳಬೇಕಾದುದನ್ನು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಬರಿಯ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಅಗಿಯುವ ಪ್ರಮಾಣ ಹೆಚ್ಚಿದಷ್ಟೂ, ವರ್ಷಗಳು ಕಳೆದಷ್ಟೂ ಅಪಾಯ ಏರುತ್ತದೆ. ಮದುವೆಮನೆಯಲ್ಲಿ ಎಂದೋ ಒಮ್ಮೆ ಹಾಕಿಕೊಳ್ಳುವ ತಾಂಬೂಲಕ್ಕೂ, ಬೆಳಗಿನಿಂದ ರಾತ್ರಿಯವರೆಗೆ ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳುವ ಅಡಿಕೆ ಮತ್ತು ತಂಬಾಕಿಗೂ ಇರುವ ಅಂತರ ದೊಡ್ಡದು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿಯೇ ನಿಷೇಧವಾಯಿತು. ಬಳಿಕ ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು ಎಂದು ಬೇರೆ ಬೇರೆಯಾಗಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವ ರೂಢಿ ಬಂದಿತು. ಕಾನೂನಿನ ಕಣ್ಣು ತಪ್ಪಿಸಬಹುದು, ಕೆನ್ನೆಯ ಒಳಪೊರೆಯ ಕಣ್ಣು ತಪ್ಪಿಸಲಾಗದು.

ಆ ಒಳಪೊರೆಯಲ್ಲಿ ನಡೆಯುವುದೇನು? ಅಡಿಕೆಯ ರಸಾಯನಗಳು ಕೆನ್ನೆಯ ತೆಳುಪೊರೆಯ ಕೆಳಗೆ ನಾರಿನಂಥ ಅಂಗಾಂಶವನ್ನು ಬೆಳೆಸುತ್ತ ಹೋಗುತ್ತವೆ. ಮೊದಲು ಖಾರದ ಪದಾರ್ಥ ತಿಂದಾಗ ಬಾಯಿ ಉರಿಯುತ್ತದೆ. ಮನೆಯವರು "ಚಟ್ನಿ ಖಾರ ಆಗಿರಬೇಕು" ಎನ್ನುತ್ತಾರೆ. ಕ್ರಮೇಣ ಕೆನ್ನೆ ಬಿಳಿಚಿಕೊಂಡು ಗಡುಸಾಗುತ್ತದೆ, ಬಾಯಿ ತೆರೆಯುವ ಅಳತೆ ಕಿರಿದಾಗುತ್ತದೆ. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಿಕೊಳ್ಳಬಹುದು. ಮೂರು ಬೆರಳು ಹಿಡಿಸದಿದ್ದರೆ ದಂತವೈದ್ಯರನ್ನು ಕಾಣಲೇಬೇಕು. ಒಮ್ಮೆ ಬೆಳೆದ ನಾರು ಪೂರ್ಣವಾಗಿ ಕರಗುವುದು ಕಷ್ಟ. ಅಡಿಕೆಯನ್ನು ಬಿಟ್ಟರೆ ಮುಂದಿನ ಹಾನಿಯನ್ನು ತಡೆಯಲು ಸಾಧ್ಯ. ಕೆಲವರಲ್ಲಿ ಇದೇ ಜಾಗದಲ್ಲಿ ಮುಂದೆ ಕ್ಯಾನ್ಸರ್ ಹುಟ್ಟುತ್ತದೆ. ಒರೆಸಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇನ್ನೆರಡು ಎಚ್ಚರಿಕೆಗಳು. ಇವು ಸಾಮಾನ್ಯವಾಗಿ ನೋಯುವುದಿಲ್ಲ ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು.

ಬರಿಯ ನೋಡುವುದರಿಂದ ಏನಾದೀತು ಎಂದು ಕೇಳುವವರಿದ್ದಾರೆ. ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ ನಡೆದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಟ್ಟಿದೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಕೆಲವು ಪಂಚಾಯತಿಗಳಲ್ಲಿ ಮನೆಮನೆಗೆ ಹೋಗಿ 35 ದಾಟಿದವರ ಬಾಯಿಯನ್ನು ಬೆಳಕಿನಲ್ಲಿ ಪರೀಕ್ಷಿಸಿದರು. ಅನುಮಾನ ಬಂದವರನ್ನು ವೈದ್ಯರ ಬಳಿಗೆ ಕಳುಹಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವುಗಳು, ಪರೀಕ್ಷೆ ನಡೆಯದ ಪಂಚಾಯತಿಗಳಿಗೆ ಹೋಲಿಸಿದರೆ, ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಿದ್ದವು. ಯಂತ್ರವಿಲ್ಲ, ರಕ್ತ ತೆಗೆಯಲಿಲ್ಲ. ಕಣ್ಣು ಮತ್ತು ಬೆಳಕು, ಇಷ್ಟೇ. ಬೆಳಿಗ್ಗೆ ಪೂಜೆಗೆ ಮುನ್ನ ಬಾಯಿ ತೊಳೆಯುವಾಗ ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು ಕೆನ್ನೆಯ ಒಳಭಾಗ, ನಾಲಗೆಯ ಅಂಚು, ನಾಲಗೆಯ ಅಡಿಭಾಗ, ಒಸಡುಗಳನ್ನು ನೋಡಿಕೊಳ್ಳಲು ಎರಡು ನಿಮಿಷ ಸಾಕು.

ನೋವಿಲ್ಲದ ಇನ್ನೊಂದು ಕಾಯಿಲೆ ರಕ್ತದೊತ್ತಡ. ತಲೆ ಸುತ್ತಿದರೆ, ತಲೆ ನೋಯುತ್ತಿದ್ದರೆ ಬಿ.ಪಿ. ಇದೆಯೆಂದೂ, ಅವಿಲ್ಲದಿದ್ದರೆ ಇಲ್ಲವೆಂದೂ ಜನ ತಿಳಿದಿದ್ದಾರೆ. ಇದು ತಪ್ಪು. ಬಹುಪಾಲು ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಹೆಚ್ಚಿದ ಒತ್ತಡ ರಕ್ತನಾಳಗಳ ಗೋಡೆಯನ್ನು ಗಡುಸಾಗಿಸುತ್ತದೆ, ಹೃದಯದ ಸ್ನಾಯುವನ್ನು ದಪ್ಪಗೊಳಿಸುತ್ತದೆ, ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಸವೆಸುತ್ತದೆ. ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ ಕೈ ಎತ್ತಲಾಗದೆ ಹೋದಾಗ "ನಿನ್ನೆಯವರೆಗೂ ಚೆನ್ನಾಗಿದ್ದರು" ಎನ್ನುತ್ತೇವೆ. ಅವರು ನಿನ್ನೆಯವರೆಗೂ ಚೆನ್ನಾಗಿರಲಿಲ್ಲ, ಅಳೆಸಿಕೊಂಡಿರಲಿಲ್ಲ ಅಷ್ಟೆ. ಐದು ನಿಮಿಷ ಸುಮ್ಮನೆ ಕುಳಿತ ಬಳಿಕ, ಅದಕ್ಕೂ ಅರ್ಧ ಗಂಟೆ ಮುನ್ನ ಕಾಫಿ, ಚಹಾ, ತಂಬಾಕು ಸೇವಿಸದೆ ಅಳೆಸಬೇಕು. ಬೇರೆ ಬೇರೆ ದಿನಗಳಲ್ಲಿ ಅಳೆದಾಗ ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ, ಮೀರಿದರೆ, ಅದು ಚಿಕಿತ್ಸೆ ಬೇಡುವ ರಕ್ತದೊತ್ತಡ.

ಇಲ್ಲಿ ನಾವು ಪದೇ ಪದೇ ಕಾಣುವ ತಪ್ಪೊಂದಿದೆ. ಮಾತ್ರೆ ಆರಂಭಿಸಿ ಎರಡು ತಿಂಗಳಿಗೆ ಅಂಕಿ ಸರಿಯಾಗುತ್ತದೆ. "ನಾರ್ಮಲ್ ಬಂತು" ಎಂದು ಮಾತ್ರೆ ನಿಲ್ಲಿಸುತ್ತಾರೆ. ಅಂಕಿ ಸರಿಯಾದದ್ದು ಮಾತ್ರೆಯಿಂದ. ಮಾಳಿಗೆ ಸೋರುವುದು ನಿಂತಿತೆಂದು ಹೊದಿಸಿದ ಹೆಂಚನ್ನು ಯಾರೂ ತೆಗೆಯುವುದಿಲ್ಲವಷ್ಟೆ! ಪ್ರಮಾಣ ತಗ್ಗಿಸುವುದಿದ್ದರೆ ವೈದ್ಯರೇ ತಗ್ಗಿಸಲಿ. ಇದರ ಜೊತೆಗೆ ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಚಹಾ ಚಮಚೆಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿಗಳಲ್ಲಿ ಇರುವುದೂ ಈ ಲೆಕ್ಕಕ್ಕೇ ಸೇರುತ್ತದೆ.

ಸಕ್ಕರೆ ಕಾಯಿಲೆಯ ವಿಷಯ ಇದೇ ಪತ್ರಿಕೆಯ ಓದುಗರಿಗೆ ಹೊಸದಲ್ಲವಾದ್ದರಿಂದ ಚುಟುಕಾಗಿ ಹೇಳುತ್ತೇವೆ. ರಾತ್ರಿಯ ಉಪವಾಸದ ನಂತರದ ಸಕ್ಕರೆ 126 ಮಿಲಿಗ್ರಾಂ ಅಥವಾ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಎಂದು ಮರುಪರೀಕ್ಷೆಯಲ್ಲಿಯೂ ಬಂದರೆ ಮಧುಮೇಹ ಖಚಿತ. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದ ಪುರುಷರು, ತೂಕ ಹೆಚ್ಚಿಲ್ಲವೆಂದು ತೋರಿದರೂ, ಪರೀಕ್ಷಿಸಿಕೊಳ್ಳುವುದು ಲೇಸು. ದರ್ಜಿಯ ಟೇಪು ಸಾಕು.

ಹೃದಯಾಘಾತ ಮಾತ್ರ ನೋವು ತರುವ ಕಾಯಿಲೆ. ಆದರೆ ಆ ನೋವಿಗೆ ನಾವು ಸುಳ್ಳು ಹೆಸರಿಡುತ್ತೇವೆ. ಎದೆಯ ನಡುವೆ ಬಿಗಿತ, ಎಡತೋಳಿಗೋ ದವಡೆಗೋ ಬೆನ್ನಿಗೋ ಹರಡುವ ನೋವು, ತಣ್ಣನೆಯ ಬೆವರು ಬಂದಾಗ "ಗ್ಯಾಸ್" ಎಂದು ಸೋಡಾ ಕುಡಿದು ಮಲಗಿದವರ ಕಥೆ ಪ್ರತಿಯೊಂದು ಊರಿನಲ್ಲಿಯೂ ಇದೆ. ಹೃದಯದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗ ಪ್ರತಿ ನಿಮಿಷವೂ ಸ್ನಾಯು ಸಾಯುತ್ತಿರುತ್ತದೆ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವ ಬದಲು 108ಕ್ಕೆ ಕರೆ ಮಾಡುವುದು ಮೇಲು.

ಇನ್ನು ಗಂಡಸರು ಯಾರೆದುರೂ ಆಡದ ವಿಷಯ. ಕೆಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ಜಾತ್ರೆಗೆಂದು ರಾತ್ರಿಯ ಬಸ್ಸಿನಲ್ಲಿ ಹೊರಟರು. ದಾರಿಯಲ್ಲಿ ಇಳಿಯಬೇಕಾದೀತೆಂದು ನೀರು ಕುಡಿಯಲಿಲ್ಲ, ಬಂದ ಮೂತ್ರವನ್ನು ತಡೆದುಕೊಂಡರು. ನೆಗಡಿಯೆಂದು ಅಂಗಡಿಯ ಮಾತ್ರೆಯೊಂದನ್ನು ನುಂಗಿದ್ದರು. ಬೆಳಿಗ್ಗೆ ಇಳಿದಾಗ ಒಂದು ಹನಿಯೂ ಹೊರಬರಲಿಲ್ಲ. ಕೆಳಹೊಟ್ಟೆ ಕಲ್ಲಿನಂತಾಗಿ ನರಳುತ್ತಿದ್ದ ಅವರನ್ನು ಶಿಬಿರದಿಂದ ನಾವೇ ಆಸ್ಪತ್ರೆಗೆ ಕಳುಹಿಸಿದೆವು. ಕೊಳವೆ ಹಾಕಿದಾಗ ಮುಕ್ಕಾಲು ಲೀಟರಿಗೂ ಹೆಚ್ಚು ಮೂತ್ರ ಬಂದಿತು. ವಿಚಾರಿಸಿದಾಗ ತಿಳಿದದ್ದು: ನಾಲ್ಕು ವರ್ಷಗಳಿಂದ ರಾತ್ರಿ ನಾಲ್ಕೈದು ಬಾರಿ ಏಳುತ್ತಿದ್ದರು. "ವಯಸ್ಸಾತು ಅಂತ ತಿಳಕೊಂಡೆ. ಮತ್ತ ಮಗನ ಮುಂದ ಹ್ಯಾಂಗ ಹೇಳೋದ್ರಿ ಸರ್?" ಎಂದರು. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡಗಳಿಗೂ ಪೆಟ್ಟು ಬಿದ್ದಿರುವುದು ಕಂಡಿತು. ನಾಲ್ಕು ವರ್ಷಗಳ ಹಿಂದೆಯೇ ಬಂದಿದ್ದರೆ ಬಹುಶಃ ಮಾತ್ರೆಯಲ್ಲೇ ಮುಗಿಯುತ್ತಿದ್ದ ಸಂಗತಿ.

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಪ್ರಾಸ್ಟೇಟ್ ಗ್ರಂಥಿ ಪುರುಷರಿಗೆ ಮಾತ್ರ ಇರುತ್ತದೆ. ವಯಸ್ಸಾದಂತೆ ಅದು ಹಿಗ್ಗುತ್ತದೆ. 60ನೆಯ ವಯಸ್ಸಿನ ಹೊತ್ತಿಗೆ ಸುಮಾರು ಅರ್ಧದಷ್ಟು ಪುರುಷರಲ್ಲಿ ಈ ಹಿಗ್ಗುವಿಕೆ ಇರುತ್ತದೆ. ಒಳಗಿನ ನಾಳ ಒತ್ತಿಕೊಂಡು ಧಾರೆ ಸಣ್ಣದಾಗುತ್ತದೆ, ಆರಂಭವಾಗಲು ಕಾಯಬೇಕಾಗುತ್ತದೆ, ಹೋಗಿಬಂದ ಮೇಲೂ ಇನ್ನೂ ಉಳಿದಂತೆ ಅನ್ನಿಸುತ್ತದೆ. ಕೆಲವು ನೆಗಡಿ ಮಾತ್ರೆಗಳು ಆ ಭಾಗದ ಸ್ನಾಯುವನ್ನು ಇನ್ನಷ್ಟು ಬಿಗಿಸುವುದರಿಂದ ಇಂಥವರು ವೈದ್ಯರನ್ನು ಕೇಳದೆ ಅವನ್ನು ನುಂಗಬಾರದು. ಈ ಹಿಗ್ಗುವಿಕೆ ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಮಾತ್ರೆಗಳಿವೆ, ಮಾತ್ರೆಗೆ ಬಗ್ಗದಿದ್ದರೆ ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಮಾಡುವ ಶಸ್ತ್ರಚಿಕಿತ್ಸೆಯಿದೆ.

ಪ್ರಾಸ್ಟೇಟ್ ಕ್ಯಾನ್ಸರ್ ಬೇರೆಯೇ ಕಾಯಿಲೆ. ಅದರ ಸುಳಿವು ಕೊಡುವ ಪಿ.ಎಸ್.ಎ. ರಕ್ತಪರೀಕ್ಷೆಯ ಅಂಕಿ ಬರಿಯ ಹಿಗ್ಗುವಿಕೆಯಿಂದಲೂ ಸೋಂಕಿನಿಂದಲೂ ಏರುವುದುಂಟು. ಆದ್ದರಿಂದ ಪ್ರಯೋಗಾಲಯದ 'ಪ್ಯಾಕೇಜ್' ಒಂದರಲ್ಲಿ ಅದನ್ನು ಮಾಡಿಸಿಕೊಂಡು ಹೆದರುವುದಕ್ಕಿಂತ, 50 ದಾಟಿದವರು ವೈದ್ಯರೊಡನೆ ಚರ್ಚಿಸಿ ತೀರ್ಮಾನಿಸುವುದು ಒಳಿತು. ತಂದೆಗೋ ಸಹೋದರನಿಗೋ ಈ ಕ್ಯಾನ್ಸರ್ ಬಂದಿದ್ದರೆ ಇನ್ನೂ ಮೊದಲೇ ಕೇಳಬೇಕು. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದೆ ಒಮ್ಮೆ ಮಾತ್ರ ಕಂಡು ನಿಂತಿದ್ದರೂ, ತಡಮಾಡುವಂತಿಲ್ಲ.

ದಾಂಪತ್ಯದಲ್ಲಿ ಪುರುಷನಿಗೆ ಕಾಣುವ ದೌರ್ಬಲ್ಯದ ಬಗ್ಗೆ ಒಂದು ಮಾತು. ಬಸ್ ನಿಲ್ದಾಣದ ಗೋಡೆಬರಹದ 'ಗುಪ್ತರೋಗ ತಜ್ಞ'ರ ಬಳಿಗೆ ಹಣ ಸುರಿಯುವ ಮುನ್ನ ಬಿ.ಪಿ., ಸಕ್ಕರೆ, ಕೊಬ್ಬನ್ನು ಪರೀಕ್ಷಿಸಿಕೊಳ್ಳಬೇಕು. ಸಣ್ಣ ರಕ್ತನಾಳಗಳು ಮೊದಲು ಕಿರಿದಾಗುವುದರಿಂದ, ಹೃದಯದ ತೊಂದರೆಗೆ ಕೆಲವು ವರ್ಷ ಮೊದಲೇ ಈ ದೌರ್ಬಲ್ಯ ಕಾಣಿಸಿಕೊಳ್ಳುವುದುಂಟು. ನಾಚಿಕೆಪಡುವ ವಿಷಯ ಇದಲ್ಲ, ಸಕಾಲದಲ್ಲಿ ಬಂದ ಸೂಚನೆ.

ಮನಸ್ಸಿನ ನೋವನ್ನೂ ಗಂಡಸರು ಹೀಗೆಯೇ ನುಂಗಿಕೊಳ್ಳುತ್ತಾರೆ. ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾಗುವವರಲ್ಲಿ ಮೂರನೆಯ ಎರಡು ಭಾಗಕ್ಕೂ ಹೆಚ್ಚು ಮಂದಿ ಪುರುಷರು. ಸಾಲದ ಚಿಂತೆಯಲ್ಲಿ ನಿದ್ದೆ ಕಳೆದುಕೊಂಡವರು, ಮಾತು ಕಡಿಮೆ ಮಾಡಿದವರು, ಕುಡಿತ ಹೆಚ್ಚಿಸಿಕೊಂಡವರು ಮನೆಯಲ್ಲಿದ್ದರೆ ಹಿರಿಯರು ತಾವಾಗಿಯೇ ಮಾತಿಗೆಳೆಯಬೇಕು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಈ ತಪಾಸಣೆಗೆ ಹೆಚ್ಚು ಖರ್ಚಿಲ್ಲ. 30 ದಾಟಿದವರಿಗೆ ಬಿ.ಪಿ., ಸಕ್ಕರೆ ಮತ್ತು ಬಾಯಿಯ ಪರೀಕ್ಷೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುತ್ತಾರೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಯಜಮಾನರ ವಯಸ್ಸು, ಅಭ್ಯಾಸ, ಸೊಂಟದ ಅಳತೆ ಕೇಳಿದಾಗ "ಅವರು ಹೊಲಕ್ಕೆ ಹೋಗಿದ್ದಾರೆ" ಎಂದು ಕಳುಹಿಸಿಬಿಡಬೇಡಿ. ಸಂಜೆ ಯಾವಾಗ ಸಿಗುತ್ತಾರೆಂದು ಹೇಳಿ. ಯಾವ ಊರಿನ ಶಿಬಿರಕ್ಕೇ ಬರಲಿ, ಗಂಡಸರು ಬೆಳಗಿನ ಉಪಾಹಾರ ಮಾಡದೆ, ಎಲೆ ಅಡಿಕೆ ಹಾಕದೆ ಬರಬೇಕೆಂದು ವಿನಂತಿ. ಹಳೆಯ ಚೀಟಿಗಳನ್ನೂ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೂ ಚೀಲದಲ್ಲಿ ತನ್ನಿ. ಮೂತ್ರದ ತೊಂದರೆಯನ್ನು ಎಲ್ಲರೆದುರು ಹೇಳಲು ಸಂಕೋಚವಿರುವವರು ಒಂದು ಕಾಗದದಲ್ಲಿ ಬರೆದು ವೈದ್ಯರ ಕೈಗೆ ಕೊಟ್ಟರೂ ಆಯಿತು. ಆ ಶಿಕ್ಷಕರು ಈಗ ಹಾಗೆಯೇ ಮಾಡುತ್ತಾರೆ. ಮಗನನ್ನೂ ಜೊತೆಗೆ ಕರೆತರುತ್ತಾರೆ.